ಶಾಂತ ಹಳ್ಳಿಯ ಗುಟ್ಟು

“ಅರೆ, ಇದು ನಮ್ಮೂರು!” ಎಂದು ಆ ಇಂಡೋನೇಷ್ಯಾದ ಹೆಂಗಸು ನನ್ನ ಗಂಡ ನೋಡುತ್ತಿದ್ದ ಮೊಬೈಲ್ ವಿಡಿಯೊದತ್ತ ಬೆರಳು ಚಾಚಿದಳು. ಒಮಾನಿನ ಸಹಮ್ ಊರಿನ ಕ್ಲಿನಿಕ್ಕಿನಲ್ಲಿ ನಮ್ಮ ಪಕ್ಕದಲ್ಲೇ ಸರದಿಗೆ ಕಾಯುತ್ತಿದ್ದಳು. ಇಲ್ಲಿನ ಒಮಾನಿ ಮನೆಯೊಂದರಲ್ಲಿ ಅಡುಗೆ ಕೆಲಸ. ಗಲ್ಫಿನಲ್ಲಿ ನಾವೆಲ್ಲ ಆಡುವ ಹರಕು ಹಿಂದಿ ಅವಳಿಗೂ ಬರುತ್ತಿತ್ತು.

ಫೋನಿನಲ್ಲಿ ಮಾತಾಡಿದರೆ ದೂರದ ಸುವೈಕ್ ಊರಿನವರೆಗೂ ಕೇಳಿಸುವ ನಮ್ಮವರಿಗೆ ಜಾವಾದ ನಿಶ್ಶಬ್ದ ಹಳ್ಳಿಯ ಹುಚ್ಚು ಹಿಡಿದು ತಿಂಗಳಾಗಿತ್ತು. ಗದ್ದೆ ಪಕ್ಕ ಮನೆಯೊಂದನ್ನು ಲೀಸಿಗೆ ಹಿಡಿಯುವುದು, ಹೋಂಸ್ಟೇ ನಡೆಸುವುದು, ಇಲ್ಲಿನ ಕೆಲಸಕ್ಕೆ ಖಲಾಸ್ ಹೇಳುವುದು. ಬಂಡವಾಳಕ್ಕೆ ನನ್ನ ಬಳೆಗಳ ಮೇಲೂ ಅವರ ಕಣ್ಣಿತ್ತು.

“ಹಳ್ಳಿ ಭಾರಿ ಶಾಂತ ಅಲ್ವಾ?” ಎಂದು ಅವರು ಹುರುಪಿನಿಂದ ಕೇಳಿದರು. ವಿಡಿಯೊದಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ.

ಅವಳು ಗೊಳ್ಳೆಂದು ನಕ್ಕಳು. “ಶಾಂತ ಇರದೆ ಇನ್ನೇನು? ಈ ನೀಲಿ ಬಾಗಿಲು ನನ್ನ ತಂಗಿ ಮನೆಯದು, ಅವಳು ದುಬೈಯಲ್ಲಿ. ಪಕ್ಕದವಳು ಕುವೈತ್‌ನಲ್ಲಿ. ಗಲಾಟೆ ಮಾಡುವವರೆಲ್ಲ ಗಲ್ಫಿನಲ್ಲಿ ಪಾತ್ರೆ ತೊಳೀತಿದ್ದೇವೆ!”

ನಮ್ಮವರು ಮೊಬೈಲನ್ನು ಜೇಬಿಗಿಳಿಸಿದರು.

ನನ್ನ ಬಳೆಗಳು ಉಳಿದವು. ಮೊನ್ನೆ ಉಡುಪಿ ಹತ್ತಿರದ ನಮ್ಮೂರಿನಿಂದ ಅಕ್ಕ ಫೋನ್ ಮಾಡಿ, “ಈಗ ಇಲ್ಲಿ ಭಾರಿ ಶಾಂತ ಮಾರಾಯ್ತಿ” ಎಂದಳು. ಊರು ಬಿಟ್ಟು ಬಂದು ಆ ಶಾಂತಿಗೆ ಬಂಡವಾಳ ಹಾಕಿದವರು ನಾವೇ.