ಮೂರನೇ ಬೆಂಚಿನ ದನಿ

ಚಿಕ್ಕಬಾಣಾವರ ಸ್ಟೇಷನ್ನಿನಿಂದ ಎರಡು ತಿರುವು ದಾಟಿದರೆ ಸಿಗುವ ಆ ಚರ್ಚಿಗೆ ಭಾನುವಾರ ತಡವಾಗಿ ಬಂದವರು, ಪೂಜೆ ಎಲ್ಲಿವರೆಗೆ ಬಂದಿದೆ ಅಂತ ಬೀದಿಯಲ್ಲೇ ತಿಳಿದುಕೊಳ್ಳುತ್ತಿದ್ದರು. ಚೌರಪ್ಪನ ಹಾಡು ಅಷ್ಟು ದೂರ ಕೇಳಿಸುತ್ತಿತ್ತು.

ಪೀಣ್ಯದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಮೆಷಿನ್ ಮುಂದೆ ಮೂವತ್ತೊಂದು ವರ್ಷ ನಿಂತವನು ಅವನು. ನಿವೃತ್ತಿಯ ದಿನ ಕಂಪನಿಯವರು ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಎಡಗಿವಿಯನ್ನು ಮಾತ್ರ ಮೆಷಿನ್ ಇಟ್ಟುಕೊಂಡಿತು. ಆ ಸದ್ದಿನಲ್ಲಿ ಕೂಗಿ ಕೂಗಿ ಮಾತಾಡಿದ ಗಂಟಲು ಮನೆಯಲ್ಲೂ ಇಳಿಯಲಿಲ್ಲ, ಚರ್ಚಿನಲ್ಲೂ ಇಳಿಯಲಿಲ್ಲ. ಮೂರನೇ ಬೆಂಚಿನ ತುದಿಯಲ್ಲಿ ನಿಂತು, ಕಣ್ಣು ಮುಚ್ಚಿ ಹಾಡಿದನೆಂದರೆ ಶ್ರುತಿ ಒಂದು ಕಡೆ, ಅವನು ಒಂದು ಕಡೆ. ತಾಳಕ್ಕಿಂತ ಯಾವಾಗಲೂ ಅರ್ಧ ಹೆಜ್ಜೆ ಮುಂದೆ. ಮಕ್ಕಳು ಕಿಸಕ್ಕನೆ ನಗುತ್ತಿದ್ದವು. ಆಚೆ ಸಾಲಿನಲ್ಲಿ ಹೆಂಗಸರ ಜೊತೆ ಕೂತ ಹೆಂಡತಿ ಆರೋಗ್ಯಮ್ಮ ಕೂಡ ಒಮ್ಮೊಮ್ಮೆ ಸೆರಗು ಬಾಯಿಗೆ ಹಿಡಿಯುತ್ತಿದ್ದಳು.

ಗಾನವೃಂದ ನೋಡಿಕೊಳ್ಳಲು ಸೌಮ್ಯ ಬಂದ ಮೇಲೆ ವಿಷಯ ಬದಲಾಯಿತು. ವಾರವೆಲ್ಲ ಆಫೀಸು, ಶನಿವಾರ ಸಂಜೆ ಐದಾರು ಮಂದಿ ಹುಡುಗ ಹುಡುಗಿಯರನ್ನು ಕೂರಿಸಿಕೊಂಡು ಅಭ್ಯಾಸ. ಚೆನ್ನಾಗಿ ಕಲಿಸುತ್ತಿದ್ದಳು. ಆದರೆ ಭಾನುವಾರ ಮೈಕಿನಲ್ಲಿ ಅವರು ಮೊದಲ ಸಾಲು ಮುಗಿಸುವಷ್ಟರಲ್ಲಿ ಚೌರಪ್ಪ ಎರಡನೇ ಸಾಲಿಗೆ ಹೋಗಿಬಿಟ್ಟಿರುತ್ತಿದ್ದ. ಕೀಬೋರ್ಡಿನ ಹುಡುಗಿ ಗಾಬರಿಯಾಗಿ ಅವನ ಹಿಂದೆ ಓಡುತ್ತಿದ್ದಳು.

ಒಂದು ದಿನ ಪೂಜೆ ಮುಗಿದ ಮೇಲೆ ಸೌಮ್ಯ ಅವನ ಹತ್ತಿರ ಬಂದಳು.

"ಅಂಕಲ್, ತಪ್ಪು ತಿಳ್ಕೋಬೇಡಿ. ನಮ್ಮ ಚರ್ಚಿನ ಹಬ್ಬ ಹತ್ರ ಬರ್ತಿದೆ. ನೀವು ಸ್ವಲ್ಪ... ಸ್ವಲ್ಪ ಮೆಲ್ಲಗೆ ಹಾಡ್ತೀರಾ?"

"ಆಂ?" ಅಂತ ಚೌರಪ್ಪ ಬಲಗಿವಿ ತಿರುಗಿಸಿದ. ಅವಳು ಅದನ್ನೇ ಗಟ್ಟಿಯಾಗಿ ಹೇಳಬೇಕಾಯಿತು. ಮೆಟ್ಟಿಲ ಮೇಲಿದ್ದವರೆಲ್ಲ ತಿರುಗಿ ನೋಡಿದರು.

"ಅದಕ್ಕೇನಮ್ಮ, ಆಗ್ಲಿ," ಅಂದ ಚೌರಪ್ಪ ನಗುತ್ತಲೇ.

ಆದರೆ ಮೆಲ್ಲಗೆ ಅಂದರೆ ಎಷ್ಟು ಮೆಲ್ಲಗೆ ಅಂತ ಅವನ ಕಿವಿಗೆ ಗೊತ್ತಾಗಬೇಕಲ್ಲ? ಮನೆಯಲ್ಲಿ ಪ್ರಯತ್ನಪಟ್ಟು ನೋಡಿದ. "ಈಗ ಸರೀನಾ?" ಅಂತ ಕೇಳಿದ್ದಕ್ಕೆ, "ಎದುರು ಮನೆಯವ್ರನ್ನ ಕೇಳಿ, ಹೇಳ್ತಾರೆ," ಅಂದಳು ಆರೋಗ್ಯಮ್ಮ. ಮುಂದಿನ ಭಾನುವಾರ ಅವನು ಬಾಯಿಯೇ ಬಿಡಲಿಲ್ಲ. ಎರಡು ವಾರ ಬೆಂಚಿನಲ್ಲಿ ಸುಮ್ಮನೆ ಕೂತ. ಕೈಕಾಲು ಕಟ್ಟಿ ಹಾಕಿದ ಹಾಗಾಯಿತು. ಮೂರನೇ ವಾರ ಗೇಟಿನ ಹತ್ತಿರ ಗಾಡಿ ನಿಲ್ಲಿಸುವ ಕೆಲಸಕ್ಕೆ ತಾನಾಗಿಯೇ ನಿಂತುಕೊಂಡ. ಮನಸ್ಸಿಗೆ ನೋವಾಗಿತ್ತು, ಯಾರಿಗೂ ಹೇಳಲಿಲ್ಲ. ಒಳಗೆ ಫಾದರ್ ಸಗಾಯ್ ಪ್ರಬೋಧನೆ ಮಾಡುತ್ತಿದ್ದರೆ ಹೊರಗಿಂದ, "ಇಂದೆ ಬರ್ಲಿ, ಇನ್ನೂ ಇಂದೆ, ಆಂ... ಸಾಕ್ ಸಾಕ್!" ಅಂತ ಕೇಳಿಸುತ್ತಿತ್ತು. ಜನ ನಗು ತಡೆದುಕೊಂಡು ಕೂರುತ್ತಿದ್ದರು.

ಗಾನವೃಂದ ಈಗ ನಿಜಕ್ಕೂ ಚೆನ್ನಾಗಿ ಹಾಡುತ್ತಿತ್ತು. ಸೌಮ್ಯಳಿಗೆ ಖುಷಿ. ಆದರೂ ಏನೋ ಸರಿಯಿಲ್ಲ ಅನಿಸುತ್ತಿತ್ತು. ಒಂದು ಶನಿವಾರ ಹುಡುಗರಿಗೆ ಕೇಳಿಸಲೆಂದು ಕ್ರಿಸ್‌ಮಸ್ ಪೂಜೆಯ ರೆಕಾರ್ಡಿಂಗ್ ಹಾಕಿದಳು, ಆಮೇಲೆ ಹೋದ ವಾರದ್ದು. ಕ್ರಿಸ್‌ಮಸ್‌ನದರಲ್ಲಿ ಮೇಲೆ ಚೌರಪ್ಪನ ಗರ್ಜನೆ, ಅದರ ಕೆಳಗೆ ಇನ್ನೂರು ಜನರ ಹಾಡು. ಹೋದ ವಾರದ್ದರಲ್ಲಿ ಆರೇ ಆರು ದನಿ, ಮತ್ತೆ ಫ್ಯಾನಿನ ಸದ್ದು.

ಜನ ಹಾಡುವುದನ್ನೇ ಬಿಟ್ಟಿದ್ದರು. ಕೈಕಟ್ಟಿಕೊಂಡು ಕಛೇರಿ ಕೇಳುವವರ ಹಾಗೆ ಕೇಳುತ್ತಿದ್ದರು.

ಮಾರನೆ ದಿನ ಪೂಜೆ ಮುಗಿದ ಮೇಲೆ, ಗಾರ್ಮೆಂಟ್ಸ್ ಕೆಲಸದ ರಾಣಿಯನ್ನು ಹಿಡಿದು ಕೇಳಿದಳು. "ಯಾಕಕ್ಕ, ನೀವ್ಯಾರೂ ಹಾಡ್ತಿಲ್ಲ?"

ರಾಣಿ ನಾಚಿಕೊಂಡಳು. "ನೀವು ಚೆನ್ನಾಗಿ ಹಾಡ್ತೀರಲ್ಲ, ಮಧ್ಯ ನಾವ್ಯಾಕೆ ಕೆಡಿಸೋದು ಅಂತ. ಚೌರಪ್ಪಣ್ಣ ಇದ್ದಾಗ ಭಯ ಇರ್ಲಿಲ್ಲ. ಅವ್ರಿಗಿಂತ ಕೆಟ್ಟದಾಗಿ ಹಾಡಕ್ಕೆ ಯಾರಿಗಾಗುತ್ತೆ ಹೇಳಿ? ಅವ್ರ ಹಿಂದೆ ನಾನೂ ಬಾಯ್ತುಂಬ ಹಾಡ್ಬಿಡ್ತಿದ್ದೆ. ಈಗ ಬಾಯ್ಬಿಟ್ರೆ ನನ್ನ ದನಿ ನನಗೇ ಕೇಳ್ಸುತ್ತೆ, ಬಾಯ್ ಮುಚ್ಕೊಂಡ್ಬಿಡ್ತೀನಿ."

ಸೌಮ್ಯ ನೇರ ಗೇಟಿಗೆ ಹೋದಳು. ಚೌರಪ್ಪ ಒಂದು ಕಾರನ್ನು ಗೋಡೆಗೆ ತಾಗದ ಹಾಗೆ ಹೊರಗೆ ಬಿಡಿಸುತ್ತಿದ್ದ. ಅದು ಹೋಗುವವರೆಗೆ ಕಾದು, ಅವನ ಬಲಗಡೆಗೆ ಬಂದು ನಿಂತಳು.

"ಅಂಕಲ್, ನಂದೇ ತಪ್ಪು. ವಾಪಸ್ ಬನ್ನಿ. ಮೊದಲಿನ ಥರಾನೇ ಹಾಡಿ."

"ಬ್ಯಾಡಮ್ಮ. ನನ್ ತಾಳ ನಂಗೇ ಗೊತ್ತು."

"ನೀವಿಲ್ದೆ ಯಾರೂ ಹಾಡ್ತಿಲ್ಲ ಅಂಕಲ್. ರಾಣಿಯಕ್ಕನ್ನ ಕೇಳಿ ಬೇಕಾದ್ರೆ."

ರಾಣಿ ಹೇಳಿದ್ದನ್ನು ಅವಳು ಒಂದಕ್ಷರ ಬಿಡದೆ ಹೇಳಿದಳು, 'ಅವ್ರಿಗಿಂತ ಕೆಟ್ಟದಾಗಿ' ಅನ್ನುವುದನ್ನೂ ಸೇರಿಸಿ. ಚೌರಪ್ಪ ಒಂದು ಗಳಿಗೆ ಅವಳ ಮುಖ ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ. ತಿಂಗಳಿಂದ ಎದೆಯಲ್ಲಿ ಕೂತಿದ್ದ ಕಲ್ಲು ಆ ನಗುವಿನಲ್ಲಿ ಜಾರಿ ಹೋಯಿತು.

ಇಬ್ಬರೂ ಒಂದು ಒಪ್ಪಂದಕ್ಕೆ ಬಂದರು. ಸೌಮ್ಯ ಅವನಿಗೆ ಕಾಣುವ ಹಾಗೆ ಬಲಗಡೆ ನಿಲ್ಲುವುದು. ಅವಳು ಕೈ ಎತ್ತಿದಾಗ ಅವನು ಶುರುಮಾಡುವುದು. ಕಣ್ಣು ಮುಚ್ಚುವ ಹಾಗಿಲ್ಲ.

ಹಬ್ಬದ ದಿನ ಕಾಲಿಡಲು ಜಾಗವಿರಲಿಲ್ಲ. ಪ್ರವೇಶ ಗೀತೆಗೆ ಅವಳು ಕೈ ಎತ್ತಿದಳು, ಚೌರಪ್ಪ ಗಂಟಲು ಬಿಟ್ಟ. ಮೊದಲ ಸಾಲು ಸರಿಯಾಗಿ ಹೋಯಿತು. ಎರಡನೆಯದಕ್ಕೆ ಕಣ್ಣು ತಾನಾಗಿ ಮುಚ್ಚಿತು, ಅವನು ಮುಂದೆ ಓಡಿದ. ಓಡಿದರೆ ಓಡಲಿ ಅಂತ ರಾಣಿ ಹಿಂದೆ ಹೋದಳು, ಅವಳ ಹಿಂದೆ ಬೆಂಚಿಗೆ ಬೆಂಚೇ ಹೊರಟಿತು. ಕೀಬೋರ್ಡಿನ ಹುಡುಗಿ ಈ ಸಲ ಗಾಬರಿಯಾಗಲಿಲ್ಲ.

ಕೊನೆಗೆ ಫಾದರ್ ಸಗಾಯ್ ಹಬ್ಬಕ್ಕೆ ದುಡಿದವರಿಗೆಲ್ಲ ವಂದನೆ ಹೇಳಿದರು. ಹೂ ಕಟ್ಟಿದವರು, ನೆಲ ಒರೆಸಿದವರು, ಸ್ಪೀಕರ್ ಹೊತ್ತವರು. "ಇನ್ನು ನಮಗೆಲ್ಲ ಹಾಡೋ ಧೈರ್ಯ ಕೊಟ್ಟ ನಮ್ಮ ಚೌರಪ್ಪನವರು," ಅಂದಾಗ ಚರ್ಚು ತುಂಬ ಚಪ್ಪಾಳೆ. ಸ್ಪೀಕರ್ ಇದ್ದದ್ದು ಎಡಗಡೆ. ಯಾರಿಗೋ ಇರಬೇಕು ಅಂದುಕೊಂಡು ಚೌರಪ್ಪನೂ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ. ಆರೋಗ್ಯಮ್ಮ ಆಚೆ ಸಾಲಿನಿಂದಲೇ, "ನಿಮಗೇ ಕಣ್ರೀ!" ಅಂತ ಕೂಗಿದಳು. ಅವನ ಮುಖ ಕೆಂಪಾಯಿತು.

ಊಟದ ಪೆಂಡಾಲಿನಲ್ಲಿ ಸೌಮ್ಯ ತಟ್ಟೆ ಹಿಡಿದು ಅವನ ಪಕ್ಕ ಕೂತಳು. ಮಾತಿನ ನಡುವೆ ಚೌರಪ್ಪ, ತನ್ನವ್ವ ರಾಗಿ ಬೀಸುತ್ತಾ ಮಾತೆ ಮರಿಯಳ ಮೇಲೆ ಹಾಡುತ್ತಿದ್ದ ಪದವೊಂದಿದೆ, ಅದು ಯಾವ ಪುಸ್ತಕದಲ್ಲೂ ಇಲ್ಲ ಅಂದ.

"ನೆನಪಿದ್ಯಾ ಅಂಕಲ್?"

"ಯಾಕಿಲ್ಲ? ಏಳು ನುಡಿ ಐತೆ."

ಅವಳು ಎಂಜಲು ಕೈಯನ್ನು ಹಾಗೇ ಬಿಟ್ಟು, ಎಡಗೈಯಲ್ಲಿ ಮೊಬೈಲ್ ತೆಗೆದು ಅವನ ಮುಂದೆ ಇಟ್ಟಳು. ಚೌರಪ್ಪ ಒಂದು ಗುಟುಕು ನೀರು ಕುಡಿದು ಶುರುಮಾಡಿದ. ಬಡಿಸುವವರು ಪಾಯಸದ ಬಕೆಟ್ ಕೆಳಗಿಟ್ಟು ನಿಂತರು.