ಗಾವಿನೊ ತಿಂದ ಅವರೆ

ನಮ್ಮ ಸಾರ್ಡೀನಿಯಾ ದ್ವೀಪದ ಹಳ್ಳಿಯ ಕುರುಬ ಗಾವಿನೊ, ನಮ್ಮ ಕಡೆ ಬೆಳೆಯುವ ಫಾವಾ ಎಂಬ ದಪ್ಪ ಅವರೆಯನ್ನು ಮುಟ್ಟುತ್ತಿರಲಿಲ್ಲ. ತನ್ನ ಮೈಗೆ ಅದು ಆಗದು ಎನ್ನುತ್ತಿದ್ದ. ಹೆಂಡತಿ ಬೊನಾರಿಯಾಳಿಗೆ ಅದು ಬರೀ ನಖರಾ ಎನಿಸುತ್ತಿತ್ತು.

ಒಮ್ಮೆ ನೆಂಟರೆದುರೇ ಅವನ ತಟ್ಟೆಗೆ ಹಸಿ ಅವರೆ ಸುರಿದು, “ತಿನ್ನು ಮಾರಾಯ, ನಿಮ್ಮಮ್ಮ ಮುದ್ದು ಮಾಡಿ ನಿನ್ನ ಕೆಡ್ಸಿದಾಳೆ,” ಎಂದಳು. ಎಲ್ಲರೂ ನಕ್ಕರು. ಗಾವಿನೊ ತಲೆ ತಗ್ಗಿಸಿ ತಿಂದ.

ಮರುದಿನ ಅವನ ಕಣ್ಣು ಹಳದಿಯಾಯಿತು, ಮೂತ್ರ ಕಪ್ಪಾಯಿತು. ವಾರದೊಳಗೆ ತೀರಿಕೊಂಡ.

ವರ್ಷಗಳ ಮೇಲೆ ಮಗಳ ಕೂಸಿನ ರಕ್ತ ಪರೀಕ್ಷಿಸಿದ ಡಾಕ್ಟರು ಹೇಳಿದರು: “ಮೈಯೊಳಗೆ ಒಂದೊಂದು ಕೆಲ್ಸಕ್ಕೆ ಒಂದೊಂದು ಕಿಣ್ವ ಇರತ್ತಜ್ಜಿ. ಕೆಂಪು ರಕ್ತಕಣ ಕಾಯೋ ಕಿಣ್ವ ಇವನಲ್ಲಿ ಕಮ್ಮಿ. ಈ ಫಾವಾ ಅವರೆ ತಿಂದ್ರೆ ಕಣಗಳು ಒಡೆದೋಗ್ತವೆ. ತಾತನಿಂದ ಬಂದಿರ್ಬೇಕು.”

ಬೊನಾರಿಯಾ ಕೂಸನ್ನು ಎದೆಗವಚಿಕೊಂಡಳು. “ಬೇಡ ಅಂತಾನೇ ಇದ್ದ, ಡಾಕ್ಟ್ರೇ. ನಾನೇ ಎಲ್ರನ್ನೂ ನಗ್ಸಿ ತಿನ್ಸಿದೆ.”