ಜಟಗಪ್ಪನಿಗೆ ಬೇಲಿ, ಗಣಪಿಗೆ ಬಿಸಿಲು

ಭಟ್ಕಳದ ಹಳೇ ಪೇಟೆಯಲ್ಲಿ ನಡೆಯುವವರಿಗೆ ಜಾಗವಿಲ್ಲ. ಇದು ನಿಮಗೂ ಗೊತ್ತು. ಅಂಗಡಿಯ ಸರಕು, ಅಡ್ಡ ನಿಲ್ಲಿಸಿದ ಬೈಕು, ಬಾಯ್ದೆರೆದ ಚರಂಡಿ, ಇಷ್ಟನ್ನೂ ದಾಟಿ ಉಳಿದವನೇ ಪಾದಚಾರಿ. ಅಂಥ ಪೇಟೆಗೆ ಹೋದ ವರ್ಷ ‘ನೀವೇ ನಡೆದು ನೋಡಿ’ ಎಂಬ ಯೋಜನೆ ಬಂತು. ಹಳೇ ಜಾಗಗಳ ಮುಂದೆಲ್ಲ ಒಂದೊಂದು ಫಲಕ, ಫಲಕದ ಮೇಲೊಂದು ಕಪ್ಪು ಚೌಕ. ಅದಕ್ಕೆ ಮೊಬೈಲ್ ಹಿಡಿದರೆ ಮೊಬೈಲೇ ಇತಿಹಾಸ ಹೇಳುತ್ತದೆ. ಊರಿನವರನ್ನು ಮಾತಾಡಿಸುವ ಕಷ್ಟವಿಲ್ಲ.

ಅಂಥದೊಂದು ಫಲಕ ನೆಟ್ಟದ್ದು ಗಣಪಿಯ ಜಾಗದಲ್ಲಿ.

ಗಣಪಿ ಶಿರಾಲಿಯವಳು. ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗು ಕೊಯ್ದು, ಬಾಳೆನಾರಿನಲ್ಲಿ ಒತ್ತಾಗಿ ಕಟ್ಟಿ, ಬಸ್ಸು ಹತ್ತಿ ಪೇಟೆಗೆ ಬರುತ್ತಾಳೆ. ಅಲ್ಲಿ ಸುರಹೊನ್ನೆ ಮರದ ಬುಡದಲ್ಲಿ ಒಂದು ಸವೆದ ಕಲ್ಲಿದೆ. ಕತ್ತಿ ಹಿಡಿದ ಆಳು ಅದರಲ್ಲಿ ಕಂಡೂ ಕಾಣದ ಹಾಗಿದ್ದಾನೆ. ಕೇರಿಯವರಿಗೆ ಅವನು ಊರು ಕಾಯುವ ಜಟಗಪ್ಪ. ಮೊದಲ ಮೊಳ ಅವನಿಗೆ. ಉಳಿದದ್ದು ದೇವಸ್ಥಾನಕ್ಕೆ ಹೊರಟ ಹೆಂಗಸರಿಗೆ, ಮದುವೆ ಮನೆಗೆ, ನಿಕಾಹದ ಮನೆಗೆ. ಕಲ್ಲಿನ ಪಕ್ಕದ ಕಟ್ಟೆಯೇ ಅವಳ ಅಂಗಡಿ. ಮಲ್ಲಿಗೆ ವ್ಯಾಪಾರಕ್ಕೆ ನೆರಳೇ ಬಂಡವಾಳ. ಬಿಸಿಲು ತಾಗಿದರೆ ಮೊಗ್ಗು ಮಧ್ಯಾಹ್ನದೊಳಗೆ ಅರಳಿ ಬಾಡುತ್ತದೆ. ಬಾಡಿದ್ದನ್ನು ಯಾರು ಮುಡಿಯುತ್ತಾರೆ?

ಯೋಜನೆಯವರು ಜಟಗಪ್ಪನನ್ನು ‘ವೀರಗಲ್ಲು’ ಎಂದು ಗುರುತಿಸಿದರು, ಕಟ್ಟೆ ಒಡೆದರು, ಮರವನ್ನೂ ಸೇರಿಸಿ ಕಬ್ಬಿಣದ ಬೇಲಿ ಹಾಕಿ ಬೀಗ ಜಡಿದರು. ಗಣಪಿ ಎದುರಿನ ಚರಂಡಿ ಹಾಸಿನ ಮೇಲೆ, ನೆತ್ತಿ ಸುಡುವ ಬಿಸಿಲಿಗೆ ಬಂದಳು.

ಕಲ್ಲಿಗೆ ಕೈ ಎಟುಕುವುದಿಲ್ಲ. ಜಟಗಪ್ಪನ ಪಾಲು ಜಟಗಪ್ಪನಿಗೆ ಸಲ್ಲಲೇಬೇಕು. ಅವಳು ಮೊದಲ ಮೊಳವನ್ನು ಬೇಲಿಯ ಹೊರಗಿದ್ದ ಫಲಕಕ್ಕೆ ಹಾಕಿದಳು. ಮರುದಿನ ಯಾರೋ ಕುಂಕುಮ ಹಚ್ಚಿದರು. ವಾರದೊಳಗೆ ಕಪ್ಪು ಚೌಕಕ್ಕೆ ಎಣ್ಣೆ ಬಿತ್ತು, ಕಾಯಿ ಒಡೆಯಿತು. ಸರಕಾರದ್ದು ಎಂದು ಕಂಡದ್ದಕ್ಕೆಲ್ಲ ಕೈ ಮುಗಿಯುವ ಜನ ನಾವು, ತಗಡನ್ನು ಬಿಡುತ್ತೇವೆಯೇ?

ನಡೆದು ನೋಡಲು ಬಂದ ಅರ್ಚಿತಾ ಎಂಬ ಹುಡುಗಿ ಮೊಬೈಲನ್ನು ಎಷ್ಟು ಹಿಡಿದರೂ ಅದು ಬಾಯಿ ಬಿಡಲಿಲ್ಲ. ಹಿಂದಿನ ಫಲಕದಲ್ಲೇ ಕೇಳಿಸಿಕೊಂಡಿದ್ದಳು: ಮುಂದೆ ಸಿಗುವ ಕಲ್ಲಿಗೆ ಸ್ಥಳೀಯರು ಇಂದಿಗೂ ಹೂ ಏರಿಸುತ್ತಾರೆ.

“ಅಮ್ಮಾ, ಇಲ್ಲಿ ಸ್ಥಳೀಯರು ಎಲ್ಲಿ ಸಿಗ್ತಾರೆ?” ಎಂದು ಗಣಪಿಯನ್ನೇ ಕೇಳಿದಳು.

“ಅವ್ರನ್ನ ಬಿಸಿಲಲ್ಲಿ ಹಾಕೀರು ತಂಗಿ,” ಎಂದಳು ಗಣಪಿ. “ಹೂ ಬೇಕಾ?”

ಯೋಜನೆಯ ಕಚೇರಿಗೆ ದೂರು ಹೋಯಿತು. ಉಸ್ತುವಾರಿ ನೋಡುವ ಸಂದೇಶ ಎಂಬವನು ಹೊನ್ನಾವರದಿಂದ ಬಂದು, ಫಲಕ ಒರೆಸಿಸಿ, ಪಕ್ಕಕ್ಕೆ ಇನ್ನೊಂದು ನೆಡಿಸಿದ: ‘ಈ ಫಲಕವನ್ನು ಪೂಜಿಸಬಾರದು.’ ಮರುದಿನ ಎರಡಕ್ಕೂ ಮಾಲೆ ಬಿತ್ತು.

ಸಂದೇಶ ಮತ್ತೆ ಬಂದ. ಈ ಸಲ ಮುಖದಲ್ಲಿ ನಗು.

“ಗಣಪಕ್ಕ, ನಿಮ್ಮನ್ನೂ ಯೋಜನೆಗೆ ಸೇರಿಸಿದೇವೆ. ಜೀವಂತ ಪರಂಪರೆ ಅಂತ. ಭಾನುವಾರ ಬೆಳಿಗ್ಗೆ ಬೀಗ ತೆಗೀತೇವೆ, ಒಳಗೆ ಕೂತು ಹೂ ಕಟ್ಟಿ. ಜನ ಫೋಟೋ ತೆಗೀತಾರೆ.”

“ಸೋಮವಾರ?”

“ಸೋಮವಾರ ಜನ ಬರೂದಿಲ್ಲಲ್ಲ.”

“ಬಿಸಿಲು ಬತ್ತದಲ್ಲ ತಮಾ.”

“ಎಲ್ಲರನ್ನೂ ಒಳಗೆ ಬಿಟ್ರೆ ಅದು ಸ್ಮಾರಕ ಅಂತ ಉಳಿತದಾ?”

“ಇಷ್ಟು ದಿನ ನಾವೇ ಎಣ್ಣೆ ಹಾಕಿ ಉಳಿಸ್ಕಂಡಿದ್ದು. ಬೇಲಿ ಬಂದದ್ದು ಮೊನ್ನೆ. ನಂಗೆ ಫೋಟೋ ಬ್ಯಾಡ. ನೆರಳು ಕೊಡೂದಾದ್ರೆ ವಾರಪೂರ್ತಿ ಕೊಡು. ಇಲ್ಲಾಂದ್ರೆ ನಿನ್ನ ಭಾನುವಾರ ನೀನೇ ಇಟ್ಕ. ಆತು?”

ಸಂದೇಶ ಕೈಚೆಲ್ಲಿ ಹೋದ. ಭಾನುವಾರ ಬೀಗ ತೆಗೆದರು, ಜನ ಬಂದರು, ಖಾಲಿ ನೆರಳಿನ ಫೋಟೋ ತೆಗೆದರು. ಎದುರಿಗೆ ಗಣಪಿ ಬುಟ್ಟಿಗೆ ಸೆರಗು ಮರೆಮಾಡಿ ಕೂತಿದ್ದಳು. ಮಧ್ಯಾಹ್ನಕ್ಕೆ ಅರ್ಧ ಬುಟ್ಟಿ ಅರಳಿ, ಸಂಜೆಗೆ ಚರಂಡಿಗೆ ಹೋಯಿತು. ಈಗ ದಿನವೂ ಹಾಗೇ ಹೋಗುತ್ತಿದೆ. ಮಳೆಗಾಲ ಕಾಣುವವರೆಗೆ ಈ ವ್ಯಾಪಾರ ಬದುಕಿರುವುದು ಅನುಮಾನ.

ನಿಮ್ಮ ಊರಿನ ಸೊಬಗು ನೋಡಲು ನಿಮಗೆ ಕಾಲಿದೆ ತಾನೇ? ಅದೇ ಕಾಲಲ್ಲಿ ಆ ಕಚೇರಿಯ ಮೆಟ್ಟಿಲು ಹತ್ತಿ. ಬೀಗದ ಕೈ ಕೇಳಿ. ಕೊಡುವ ತನಕ ಅಲ್ಲಿಂದ ಏಳಬೇಡಿ.